ಬೇಸಿಗೆಯ ಹವಾ, ಮಳೆಗಾಲದ ದೀಪ

ಶಿಗ್ಗಾವಿಯ ಕಡೆಯಿಂದ ಹಾವೇರಿ ಜಿಲ್ಲೆಯನ್ನು ಹೊಕ್ಕು ಬಂಕಾಪುರ, ಹಾವೇರಿ, ಮೋಟೆಬೆನ್ನೂರು, ರಾಣೆಬೆನ್ನೂರುಗಳನ್ನು ಹಾದು ತುಂಗಭದ್ರೆಯ ದಡ ಮುಟ್ಟುವ ರಾಷ್ಟ್ರೀಯ ಹೆದ್ದಾರಿ 48ರ ಉದ್ದಕ್ಕೂ, ಮಾರ್ಚ್ ತಿಂಗಳು ಕಾಲಿಟ್ಟಿತೆಂದರೆ, ಪಂಕ್ಚರ್ ಅಂಗಡಿಗಳಲ್ಲಿ ಒಂದು ಸಲಹೆ ತಪ್ಪದೆ ಕೇಳಿಬರುತ್ತದೆ: ಬಿಸಿಲಿಗೆ ಟೈರಿನೊಳಗಿನ ಹವಾ ಏರುತ್ತದೆ, ಆದಕಾರಣ ನಾಲ್ಕೈದು ಪೌಂಡ್ ಕಡಿಮೆಯೇ ಇರಲಿ. ಸಲಹೆಯ ಮೊದಲ ಅರ್ಧವನ್ನು ಭೌತಶಾಸ್ತ್ರ ಪೂರ್ತಿಯಾಗಿ ಒಪ್ಪುತ್ತದೆ; ಎರಡನೆಯ ಅರ್ಧವು ಬೇಸಿಗೆಯಲ್ಲಿ ಟೈರುಗಳು ಸಿಡಿಯುವುದಕ್ಕೆ ಇರುವ ಮುಖ್ಯ ಕಾರಣಗಳಲ್ಲಿ ಒಂದನ್ನು ತಾನೇ ಸೃಷ್ಟಿಸುತ್ತದೆ. ಈಚಿನ ವರ್ಷಗಳಲ್ಲಿ ಕಾರುಗಳ ಡ್ಯಾಶ್‌ಬೋರ್ಡಿನಲ್ಲಿ ಟೈರಿನ ಒತ್ತಡ ತಗ್ಗಿದಾಗ ಹೊತ್ತಿಕೊಳ್ಳುವ ಹಳದಿ ದೀಪವೊಂದು ಬಂದಿರುವುದರಿಂದ, ದೀಪ ಹೊತ್ತಿಲ್ಲವಾದರೆ ಟೈರು ಸರಿಯಿದೆ ಎಂಬ ಹೊಸ ಭರವಸೆಯೂ ಹಳೆಯ ನಂಬಿಕೆಯ ಜೊತೆಗೆ ಸೇರಿಕೊಂಡಿದೆ. ಬಿಸಿಲು, ಹವಾ ಮತ್ತು ದೀಪ ಈ ಮೂರರ ಸಂಬಂಧವನ್ನು ಲೆಕ್ಕ ಹಾಕಿ ನೋಡಿದರೆ ನಂಬಿಕೆ ಮತ್ತು ಭರವಸೆ ಎರಡೂ ನಿಲ್ಲುವುದಿಲ್ಲ.

ಹವಾ ಹಾಕುವವರು ಪೌಂಡ್ ಎಂದು ಕರೆಯುವುದು ಒಂದು ಚದರ ಅಂಗುಲದ ಮೇಲೆ ಗಾಳಿ ಒತ್ತುವ ಬಲವನ್ನು. ಪುಸ್ತಕಗಳಲ್ಲಿ ಇದೇ ಪಿಎಸ್‌ಐ. ಆದರೆ ಮೀಟರು ತೋರಿಸುವುದು ಟೈರಿನೊಳಗಿನ ಒಟ್ಟು ಒತ್ತಡವನ್ನಲ್ಲ, ಹೊರಗಿನ ವಾತಾವರಣದ ಒತ್ತಡಕ್ಕಿಂತ ಒಳಗೆ ಎಷ್ಟು ಹೆಚ್ಚಿದೆ ಎಂಬುದನ್ನು ಮಾತ್ರ. ಸಮುದ್ರಮಟ್ಟದಿಂದ ಐನೂರು ಮೀಟರಿಗೂ ಮೇಲಿರುವ ಹಾವೇರಿಯಲ್ಲಿ ವಾತಾವರಣದ ಒತ್ತಡ ಹತ್ತಿರ ಹತ್ತಿರ 14 ಪೌಂಡ್ ಇರುವುದರಿಂದ, ಮೀಟರು 33 ಎಂದಾಗ ಟೈರಿನೊಳಗಿನ ಗಾಳಿ ನಿಜವಾಗಿ 47 ಪೌಂಡಿನಿಂದ ಒತ್ತುತ್ತಿರುತ್ತದೆ. ಮುಚ್ಚಿದ ಪಾತ್ರೆಯಲ್ಲಿರುವ ಗಾಳಿಯ ಒತ್ತಡ ಅದರ ಉಷ್ಣಾಂಶದ ಜೊತೆ ಏರಿಳಿಯುತ್ತದೆ ಎಂಬುದನ್ನು ಫ್ರಾನ್ಸಿನ ಗಿಯೋಮ್ ಅಮೊಂಟೊನ್ 18ನೇ ಶತಮಾನದ ಆರಂಭದಲ್ಲೇ ಗುರುತಿಸಿದ್ದ. ಮುಂದೆ ಅದು ಗೇ-ಲುಸಾಕ್‌ನ ಹೆಸರಿನಲ್ಲಿ ಪಠ್ಯಪುಸ್ತಕಗಳನ್ನು ಸೇರಿತು. ಈ ನಿಯಮವನ್ನು ಅನ್ವಯಿಸುವಾಗ ಒತ್ತಡವನ್ನು ವಾತಾವರಣ ಸೇರಿಸಿ ಹಿಡಿಯಬೇಕು, ಉಷ್ಣಾಂಶವನ್ನು ಸೆಲ್ಸಿಯಸ್ ಅಂಕಿಗೆ 273 ಕೂಡಿಸಿದ ಕೆಲ್ವಿನ್ ಮಾನದಲ್ಲಿ ಎಣಿಸಬೇಕು. ಟೈರಿನ ಮೈಯಲ್ಲಿ ಉಕ್ಕಿನ ತಂತಿಯ ಪಟ್ಟಿಗಳು ಇರುವುದರಿಂದ ಅದರ ಗಾತ್ರ ಹೆಚ್ಚು ಹಿಗ್ಗುವುದಿಲ್ಲ, ಆದ್ದರಿಂದ ಲೆಕ್ಕ ವಾಸ್ತವಕ್ಕೆ ಸಾಕಷ್ಟು ಹತ್ತಿರವೇ ಇರುತ್ತದೆ.

ಏಪ್ರಿಲ್ ತಿಂಗಳ ಹಾವೇರಿಯಲ್ಲಿ ಬೆಳಗಿನ ಜಾವದ ಉಷ್ಣಾಂಶ 22 ಡಿಗ್ರಿಯ ಆಸುಪಾಸಿನಲ್ಲಿದ್ದು, ಮಧ್ಯಾಹ್ನಕ್ಕೆ 37–38ಕ್ಕೆ ಏರುತ್ತದೆ. ಮನೆಯಂಗಳದಲ್ಲಿ ಬೆಳಿಗ್ಗೆ 33 ಪೌಂಡ್ ಇದ್ದ ಟೈರು ಒಂದಡಿಯೂ ಉರುಳದೆ, ನೆರಳಿನಲ್ಲೇ ನಿಂತಿದ್ದರೂ, ಮಧ್ಯಾಹ್ನಕ್ಕೆ ಮೂವತ್ತೈದೂವರೆ ತೋರಿಸುತ್ತದೆ. ಬಿಸಿಲಿಗೆ ಮೈಯೊಡ್ಡಿದ ಬದಿಯ ಟೈರುಗಳಲ್ಲಿ ಇದು ಇನ್ನೂ ಒಂದೆರಡು ಪೌಂಡ್ ಹೆಚ್ಚು ಇರಬಹುದಾದ್ದರಿಂದ, ಎಡಬಲಗಳಲ್ಲಿ ಬೇರೆ ಬೇರೆ ಅಂಕಿ ಕಂಡವರು ಪಂಕ್ಚರ್ ಎಂದು ಗಾಬರಿಯಾಗುವುದೂ ಉಂಟು. ಅದೇ ವಾಹನ ಹೆದ್ದಾರಿಗೆ ಇಳಿದಾಗ ಎರಡು ಬಗೆಯ ಕಾವು ಕೂಡುತ್ತವೆ. ಗಾಳಿಯ ಉಷ್ಣಾಂಶ 40ರ ಹತ್ತಿರವಿದ್ದಾಗ ಕಪ್ಪು ಡಾಂಬರಿನ ಮೇಲ್ಮೈ 60 ಡಿಗ್ರಿ ಮುಟ್ಟುವುದು ಸಾಮಾನ್ಯ. ಅದರ ಮೇಲೆ, ಉರುಳುವಾಗ ಪ್ರತಿ ಸುತ್ತಿಗೂ ಬಾಗಿ ಬಿಡುವ ರಬ್ಬರು ತನ್ನೊಳಗೇ ಶಾಖವನ್ನು ಹುಟ್ಟಿಸುತ್ತದೆ. ಅರ್ಧ ಗಂಟೆಯ ಓಟದ ಹೊತ್ತಿಗೆ ಒಳಗಿನ ಗಾಳಿ 60 ಡಿಗ್ರಿಗೆ ಬಂದಿತೆಂದು ಹಿಡಿದರೆ, ಬೆಳಗಿನ 33 ಪೌಂಡ್ ರಾಣೆಬೆನ್ನೂರು ತಲಪುವಾಗ 39 ಆಗಿರುತ್ತದೆ. ಈ ಆರು ಪೌಂಡಿನ ಏರಿಕೆ ದೋಷವೂ ಅಲ್ಲ, ಅಪಾಯವೂ ಅಲ್ಲ. ವಾಹನ ತಯಾರಕರು ಚಾಲಕನ ಬಾಗಿಲ ಕಂಬದ ಮೇಲೆ ಅಂಟಿಸುವ ಚೀಟಿಯಲ್ಲಿ ನಮೂದಿಸುವ ಒತ್ತಡ ತಣ್ಣಗಿನ ಟೈರಿಗೆ ಹೇಳಿದ್ದು. ಓಡುವಾಗ ಅದು ಏರುತ್ತದೆ ಎಂಬುದು ಗೊತ್ತಿದ್ದೇ, ಆ ಏರಿಕೆಗೆ ಜಾಗ ಬಿಟ್ಟೇ ಅಂಕಿಯನ್ನು ಗೊತ್ತುಮಾಡಿರುತ್ತಾರೆ. ಸುಸ್ಥಿತಿಯಲ್ಲಿರುವ ಕಾರಿನ ಟೈರು ಬರೀ ಗಾಳಿಯ ಒತ್ತಡದಿಂದಲೇ ಒಡೆಯಬೇಕಾದರೆ ಈ ಅಂಕಿಯ ಹಲವು ಪಟ್ಟು ಒತ್ತಡ ಬೇಕಾಗುತ್ತದೆ.

ಇನ್ನು ಹವಾ ಇಳಿಸಿದರೆ ಆಗುವುದನ್ನು ನೋಡಬೇಕು. 39 ಎಂಬ ಅಂಕಿಗೆ ಹೆದರಿದ ಚಾಲಕ ರಾಣೆಬೆನ್ನೂರಿನ ಹೊರವಲಯದಲ್ಲಿ ಬಿಸಿ ಟೈರಿನಿಂದಲೇ ಹವಾ ಬಿಟ್ಟು 33ಕ್ಕೆ ತಂದು ನಿಲ್ಲಿಸಿದನೆಂದುಕೊಂಡರೆ, ಮರುದಿನ ಬೆಳಗಿನ ಜಾವ ಗಾಳಿ ಮತ್ತೆ 22 ಡಿಗ್ರಿಗೆ ತಣಿದಾಗ ಮೀಟರು ತೋರಿಸುವುದು ಇಪ್ಪತ್ತೇಳೂವರೆಯಷ್ಟನ್ನು ಮಾತ್ರ. ಚೀಟಿ ಹೇಳಿದ್ದಕ್ಕಿಂತ ಇದು ಐದೂವರೆ ಪೌಂಡ್ ಕಡಿಮೆ, ಅಂದರೆ ಶೇಕಡಾ 16ರಷ್ಟು ಕೊರತೆ. ಹೆದ್ದಾರಿಯ ಮೇಲೆ ಮೂವತ್ತು ಕಿಲೋಮೀಟರು ಬಂದ ಮೇಲೆ ಪೆಟ್ರೋಲ್ ಬಂಕಿನಲ್ಲಿ ಮೊದಲ ಬಾರಿಗೆ ಹವಾ ಪರೀಕ್ಷಿಸಿ, ಅಲ್ಲಿ ಕಾಣುವ 33ನ್ನು ಸರಿಯೆಂದು ಭಾವಿಸಿ ಮುಂದೆ ಹೋಗುವವರ ಟೈರುಗಳ ನಿಜಸ್ಥಿತಿಯೂ ಇದೇ. ಹವಾ ಇಳಿಸದೆಯೂ ಅವರು ಇಳಿಸಿದವರ ಸಾಲಿನಲ್ಲೇ ನಿಂತಿರುತ್ತಾರೆ. ಬಿಸಿಲು ಅವರ ಕೊರತೆಯನ್ನು ಮೀಟರಿನಿಂದ ಮರೆಮಾಚಿರುತ್ತದೆ, ಅಷ್ಟೆ.

ಕೊರತೆಯ ಹವೆಯಿಂದ ಟೈರು ಹೇಗೆ ಸಾಯುತ್ತದೆ ಎಂಬುದು ಇಡೀ ವಿಷಯದ ತಿರುಳು. ವಾಹನದ ಭಾರವನ್ನು ಹೊರುವುದು ರಬ್ಬರಿಗಿಂತ ಹೆಚ್ಚಾಗಿ ಅದರೊಳಗಿನ ಗಾಳಿ; ಗಾಳಿ ಸಾಲದಾದಾಗ ಟೈರಿನ ಪಕ್ಕದ ಗೋಡೆ ನೆಲದ ಬಳಿ ಹೆಚ್ಚು ಬಾಗುತ್ತದೆ, ಮೇಲೆ ಬಂದಾಗ ಮತ್ತೆ ನೆಟ್ಟಗಾಗುತ್ತದೆ. ಕಬ್ಬಿಣದ ತಂತಿಯನ್ನು ಅತ್ತಿತ್ತ ಬಗ್ಗಿಸುತ್ತ ಹೋದರೆ ಬಾಗಿದ ಜಾಗ ಬೆರಳಿಗೆ ಸುಡುವಷ್ಟು ಬಿಸಿಯಾಗುವಂತೆ, ಗಂಟೆಗೆ 80–100 ಕಿಲೋಮೀಟರು ವೇಗದಲ್ಲಿ ಸೆಕೆಂಡಿಗೆ ಹತ್ತು ಹನ್ನೆರಡು ಸಲಕ್ಕೂ ಹೆಚ್ಚು ಬಾಗುವ ಈ ಗೋಡೆಯೂ ಕಾಯುತ್ತದೆ. ಬಾಗಿದ ರಬ್ಬರು ತಾನು ಪಡೆದ ಶಕ್ತಿಯನ್ನು ಪೂರ್ತಿಯಾಗಿ ಹಿಂತಿರುಗಿಸದೆ ಒಂದಷ್ಟನ್ನು ಶಾಖವಾಗಿ ಉಳಿಸಿಕೊಳ್ಳುವ ಈ ಗುಣಕ್ಕೆ ವಿಜ್ಞಾನಿಗಳು ಹಿಸ್ಟರೆಸಿಸ್ ಎನ್ನುತ್ತಾರೆ. ಚಳಿಗಾಲದಲ್ಲಿ ಈ ಶಾಖ ಹೊರಗಿನ ಗಾಳಿಗೆ, ರಸ್ತೆಗೆ ಹರಿದು ಹೋಗುತ್ತದೆ. ಬೇಸಿಗೆಯಲ್ಲಿ ರಸ್ತೆಯೇ 60 ಡಿಗ್ರಿ ಇರುವಾಗ ಅದು ಹೋಗುವುದೆಲ್ಲಿಗೆ? ರಬ್ಬರಿನ ಒಳಪದರಗಳು ಸುಮಾರು 120 ಡಿಗ್ರಿ ದಾಟಿದವೆಂದರೆ ರಬ್ಬರಿಗೂ ಅದರೊಳಗಿನ ಎಳೆಗಳಿಗೂ ಇರುವ ಅಂಟು ಸಡಿಲವಾಗತೊಡಗುತ್ತದೆ, ಉಕ್ಕಿನ ಪಟ್ಟಿಗಳು ಒಂದರಿಂದೊಂದು ಬಿಡಿಸಿಕೊಳ್ಳುತ್ತವೆ, ಕೊನೆಗೆ ನೆಲ ತಾಗುವ ಪಟ್ಟಿ ಸಿಪ್ಪೆಯಾಗಿ ಹಾರಿಹೋಗುತ್ತದೆ. ಹೆದ್ದಾರಿಯ ಅಂಚಿನಲ್ಲಿ ಬಿದ್ದಿರುವ ಕಪ್ಪು ರಬ್ಬರಿನ ತುಂಡುಗಳಲ್ಲಿ ಹೆಚ್ಚಿನವು ಹೀಗೆ ಕಳಚಿದವು. ನೋಡಿದವರು ಬಿಸಿಲಿಗೆ ಟೈರು ಸಿಡಿಯಿತು ಎನ್ನುತ್ತಾರೆ. ಸಿಡಿಸಿದ್ದು ಕೊರತೆಯ ಹವಾ, ಹೆಚ್ಚಿನ ಹೊರೆ ಮತ್ತು ವೇಗ, ಬಿಸಿಲು ಈ ಮೂರಕ್ಕೂ ಜೊತೆಗೊಟ್ಟಿತು.

ಈ ಮಾತಿಗೆ ಜಗತ್ತಿನ ಅತಿ ದುಬಾರಿಯ ಸಾಕ್ಷ್ಯ ದೊರೆತದ್ದು ಅಮೆರಿಕದಲ್ಲಿ. ಫೋರ್ಡ್ ಎಕ್ಸ್‌ಪ್ಲೋರರ್ ವಾಹನಗಳಿಗೆ ಅಳವಡಿಸಿದ್ದ ಫೈರ್‌ಸ್ಟೋನ್ ಟೈರುಗಳ ಪಟ್ಟಿ ಕಳಚಿ ಅಪಘಾತಗಳಾಗುತ್ತಿವೆ ಎಂಬ ದೂರುಗಳ ನಂತರ 2000ದ ಆಗಸ್ಟಿನಲ್ಲಿ ಸುಮಾರು 65 ಲಕ್ಷ ಟೈರುಗಳನ್ನು ಹಿಂದಕ್ಕೆ ಕರೆಸಿಕೊಳ್ಳಲಾಯಿತು. ಆ ಸರಣಿಯಲ್ಲಿ ಅಮೆರಿಕ ಒಂದರಲ್ಲೇ 270ಕ್ಕೂ ಹೆಚ್ಚು ಸಾವುಗಳು ಲೆಕ್ಕಕ್ಕೆ ಸಿಕ್ಕವು. ಅವಘಡಗಳು ದೇಶದಾದ್ಯಂತ ಸಮನಾಗಿ ಹರಡಿರಲಿಲ್ಲ: ಟೆಕ್ಸಾಸ್, ಅರಿಜೋನಾ, ಫ್ಲಾರಿಡಾದಂಥ ಕಾವಿನ ರಾಜ್ಯಗಳಲ್ಲಿ ದಟ್ಟವಾಗಿದ್ದವು, ದೇಶದ ಹೊರಗೆ ಸೌದಿ ಅರೇಬಿಯ ಮತ್ತು ವೆನೆಜುವೆಲದಲ್ಲಿ ಕಂಡಿದ್ದವು. ಟೈರಿನ ತಯಾರಿಕೆಯಲ್ಲಿ ದೋಷವಿತ್ತೇ, ವಾಹನದ ವಿನ್ಯಾಸದಲ್ಲಿತ್ತೇ ಎಂದು ಎರಡು ಸಂಸ್ಥೆಗಳು ಪರಸ್ಪರ ಬೆರಳು ತೋರಿಸಿದವು. ಆ ವಾಗ್ವಾದದ ನಡುವೆ ಮೇಲೆ ಬಂದ ಒಂದು ಅಂಶ, ವಾಹನ ಸಂಸ್ಥೆ ಈ ಟೈರುಗಳಿಗೆ 26 ಪೌಂಡ್ ಸಾಕೆಂದು ಶಿಫಾರಸು ಮಾಡಿತ್ತು, ಟೈರು ಸಂಸ್ಥೆ 30 ಬೇಕೆನ್ನುತ್ತಿತ್ತು ಎಂಬುದು. ನಾಲ್ಕು ಪೌಂಡಿನ ಅಂತರ ಒಂದು ದೇಶದ ಸಂಸತ್ತಿನವರೆಗೆ ಹೋಗಬಲ್ಲದು ಎಂಬುದನ್ನು ನಮ್ಮ ಹವಾ ಅಂಗಡಿಗಳಲ್ಲಿ ಹೇಳಿದರೆ ನಂಬುವವರು ವಿರಳ.

ಅದೇ ವರ್ಷದ ನವೆಂಬರಿನಲ್ಲಿ ಅಲ್ಲಿ ಜಾರಿಗೆ ಬಂದ ಕಾಯಿದೆಯ ಫಲವೇ ಇಂದು ಕಾರುಗಳಲ್ಲಿ ಕಾಣುವ ಒತ್ತಡದ ದೀಪ. ಮೇಲ್ಭಾಗ ತೆರೆದ ಟೈರಿನ ಅಡ್ಡಸೀಳಿನ ಚಿತ್ರದ ನಡುವೆ ಉದ್ಗಾರ ಚಿಹ್ನೆಯಿರುವ ಈ ಹಳದಿ ಗುರುತನ್ನು ಬೆಳಗಿಸುವ ಏರ್ಪಾಡಿಗೆ ಟಿಪಿಎಂಎಸ್, ಅಂದರೆ ಟೈರಿನ ಒತ್ತಡದ ಮೇಲೆ ಕಣ್ಣಿಡುವ ವ್ಯವಸ್ಥೆ ಎಂದು ಹೆಸರು. ಪೋರ್ಷೆ ಸಂಸ್ಥೆ 1986ರಲ್ಲೇ ತನ್ನ 959 ಮಾದರಿಯಲ್ಲಿ ಇದನ್ನು ಕೊಟ್ಟಿತ್ತಾದರೂ, ಅಮೆರಿಕದಲ್ಲಿ ಹೊಸ ಲಘು ವಾಹನಗಳಿಗೆಲ್ಲ ಕಡ್ಡಾಯವಾದದ್ದು 2007ರ ಸೆಪ್ಟೆಂಬರಿನಿಂದ, ಯುರೋಪಿನ ಹೊಸ ಕಾರುಗಳಿಗೆ 2014ರ ನವೆಂಬರಿನಿಂದ. ಭಾರತದಲ್ಲಿ 2020ರ ಜುಲೈಯಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, ಮೂರೂವರೆ ಟನ್‌ವರೆಗಿನ ವಾಹನಗಳಲ್ಲಿ ಇಂಥ ವ್ಯವಸ್ಥೆ ಇದ್ದರೆ ಅದು ಯಾವ ಗುಣಮಟ್ಟದ್ದಾಗಿರಬೇಕು ಎಂಬುದನ್ನು ವಿಧಿಸಲಾಯಿತು. ಟ್ಯೂಬ್‌ಲೆಸ್ ಟೈರು, ಪಂಕ್ಚರ್ ಸರಿಪಡಿಸುವ ಕಿಟ್ ಮತ್ತು ಟಿಪಿಎಂಎಸ್ ಮೂರೂ ಇರುವ ಕಾರಿಗೆ ಸ್ಟೆಪ್ನಿ ಬೇಡ ಎಂಬ ವಿನಾಯಿತಿಯೂ ಅದರ ಜೊತೆಗೇ ಬಂತು.

ಈ ದೀಪ ಏನನ್ನು ಹೇಳುತ್ತದೆ ಎಂಬುದಕ್ಕಿಂತ ಏನನ್ನು ಹೇಳುವುದಿಲ್ಲ ಎಂಬುದು ಹೆಚ್ಚು ಮುಖ್ಯ. ಅಮೆರಿಕದ ನಿಯಮದ ಪ್ರಕಾರ ಒತ್ತಡ ಶಿಫಾರಸಿಗಿಂತ ಶೇಕಡಾ 25ರಷ್ಟು ಕುಸಿದಾಗ ದೀಪ ಹೊತ್ತಬೇಕು. ಯುರೋಪಿನ ನಿಯಮ ಇದಕ್ಕಿಂತ ತುಸು ಬಿಗಿ, ಅಲ್ಲಿ ಶೇಕಡಾ 20. ಶೇಕಡಾ 25ರ ಲೆಕ್ಕದಲ್ಲಿ 33 ಪೌಂಡಿನ ಟೈರಿಗೆ ದೀಪ ಹೊತ್ತುವುದು ಹೆಚ್ಚುಕಡಿಮೆ 25ಕ್ಕೆ ಇಳಿದ ಮೇಲೆ. ಮೇಲೆ ಲೆಕ್ಕ ಹಾಕಿದ ಇಪ್ಪತ್ತೇಳೂವರೆ ಪೌಂಡಿನ ಟೈರಿಗೆ ಅದು ಹೊತ್ತುವುದಿಲ್ಲ, ಓಡುತ್ತ ಬಿಸಿಯಾಗಿ ಒತ್ತಡ 33ಕ್ಕೆ ಏರಿದ ಮೇಲಂತೂ ಹೊತ್ತುವ ಪ್ರಶ್ನೆಯೇ ಇಲ್ಲ. 33ರಿಂದ 25ರವರೆಗಿನ ಎಂಟು ಪೌಂಡುಗಳ ಹರವಿನಲ್ಲಿ ಟೈರು ಕಾಯುತ್ತ, ಸವೆಯುತ್ತ, ಇಂಧನ ನುಂಗುತ್ತ ಇರುವಾಗಲೂ ಡ್ಯಾಶ್‌ಬೋರ್ಡ್ ಸುಮ್ಮನಿರುತ್ತದೆ. ಬಿಸಿಲ ದಿನಗಳಲ್ಲಿ ಕೆಲವು ಕಾರುಗಳಲ್ಲಿ ಬೆಳಿಗ್ಗೆ ಹೊರಡುವಾಗ ಹೊತ್ತಿದ ದೀಪ ಹತ್ತು ಹದಿನೈದು ಕಿಲೋಮೀಟರು ಹೋದ ಮೇಲೆ ತಾನಾಗಿ ಆರಿಹೋಗುವುದುಂಟು. ದೀಪ ಸುಳ್ಳು ಹೇಳಿತೆಂದು ಆಗ ಅನ್ನಿಸುತ್ತದೆ, ಆದರೆ ಬೆಳಿಗ್ಗೆ ಹೊತ್ತಿದ್ದೇ ನಿಜವಾದ ಮಾತು, ಆಮೇಲೆ ಆರಿದ್ದು ಕಾವಿನ ಕೈವಾಡ.

ವ್ಯವಸ್ಥೆಯಲ್ಲಿ ಎರಡು ಬಗೆಗಳಿವೆ. ನೇರ ಬಗೆಯಲ್ಲಿ ಪ್ರತಿ ಚಕ್ರದ ಒಳಗೆ, ವಾಲ್ವಿನ ಬುಡದಲ್ಲಿ, ಪುಟ್ಟ ಸಂವೇದಕವೊಂದು ಕುಳಿತು ಒತ್ತಡವನ್ನೂ ಉಷ್ಣಾಂಶವನ್ನೂ ಅಳೆದು ರೇಡಿಯೊ ಅಲೆಗಳ ಮೂಲಕ ವಾಹನಕ್ಕೆ ತಿಳಿಸುತ್ತದೆ. ಅದರ ಬ್ಯಾಟರಿ ಐದರಿಂದ ಹತ್ತು ವರ್ಷ ಬಾಳುತ್ತದೆ. ಪರೋಕ್ಷ ಬಗೆಯಲ್ಲಿ ಒತ್ತಡವನ್ನು ಅಳೆಯುವ ಸಾಧನವೇ ಇಲ್ಲ: ಹವಾ ಇಳಿದ ಟೈರಿನ ಉರುಳುವ ಸುತ್ತಳತೆ ತುಸು ಕಿರಿದಾಗಿ, ಅದು ಉಳಿದವುಗಳಿಗಿಂತ ಬೇಗ ಸುತ್ತುತ್ತದೆ, ಬ್ರೇಕಿನ ಎಬಿಎಸ್ ಸಂವೇದಕಗಳು ಈ ವ್ಯತ್ಯಾಸವನ್ನು ಹಿಡಿದು ದೀಪ ಬೆಳಗಿಸುತ್ತವೆ. ನಾಲ್ಕು ಟೈರುಗಳೂ ಒಟ್ಟೊಟ್ಟಿಗೆ ಸೊರಗಿದಾಗ ಹೋಲಿಸಲು ಸರಿಯಾದ ಟೈರೊಂದು ಉಳಿಯದ ಕಾರಣ ಈ ಬಗೆಯ ಹಲವು ಏರ್ಪಾಡುಗಳು ಮೋಸಹೋಗುತ್ತವೆ. ಹವಾ ಹಾಕಿಸಿದ ಮೇಲೆ ಇದನ್ನು ರಿಸೆಟ್ ಮಾಡಬೇಕಾಗುತ್ತದೆ. ಬಿಸಿ ಟೈರಿನಲ್ಲಿ ತಪ್ಪು ಒತ್ತಡವಿಟ್ಟು ರಿಸೆಟ್ ಒತ್ತಿದರೆ, ಆ ತಪ್ಪನ್ನೇ ವ್ಯವಸ್ಥೆ ಮುಂದೆ ಸರಿಯೆಂದು ನಂಬಿಕೊಳ್ಳುತ್ತದೆ. ವಾಹನ ಚಾಲೂ ಮಾಡಿದಾಗ ದೀಪ ಒಂದು ನಿಮಿಷಕ್ಕೂ ಹೆಚ್ಚು ಕಾಲ ಮಿನುಗಿ ಆಮೇಲೆ ಸ್ಥಿರವಾಗಿ ಉರಿದರೆ ಕೆಟ್ಟಿರುವುದು ವ್ಯವಸ್ಥೆ. ಮೊದಲಿನಿಂದಲೇ ಸ್ಥಿರವಾಗಿ ಉರಿದರೆ ಕಡಿಮೆಯಾಗಿರುವುದು ಹವಾ. ಅಂಗಡಿಯಲ್ಲಿ ಕೊಂಡು ವಾಲ್ವಿನ ಮುಚ್ಚಳದ ಜಾಗದಲ್ಲಿ ತಿರುಗಿಸುವ ಅಗ್ಗದ ಉಪಕರಣಗಳಲ್ಲಿ ಹೆಚ್ಚಿನ ಒತ್ತಡಕ್ಕೂ ಎಚ್ಚರಿಕೆಯ ಸದ್ದು ಇರುತ್ತದೆ. ಅದರ ಮಿತಿಯನ್ನು 36 ಅಥವಾ 37ಕ್ಕೆ ಇಟ್ಟವರಿಗೆ ಹಾವೇರಿಯ ಏಪ್ರಿಲ್ ಮಧ್ಯಾಹ್ನಗಳಲ್ಲಿ ಪಯಣವಿಡೀ ಸದ್ದಾಗುತ್ತಲೇ ಇರುತ್ತದೆ. ತಣ್ಣಗಿನ ಒತ್ತಡದ ಮೇಲೆ ಶೇಕಡಾ 25ರಷ್ಟು, ಅಂದರೆ 33ಕ್ಕೆ 41ರ ಸುಮಾರಿಗೆ ಮಿತಿ ಇಡುವುದು ವಿವೇಕ.

ಬೇಸಿಗೆಯ ತಪ್ಪು ಬೇಸಿಗೆಯಲ್ಲೇ ಹೊರಬೀಳಬೇಕೆಂದೇನೂ ಇಲ್ಲ. ಏಪ್ರಿಲಿನಲ್ಲಿ ಬಿಸಿ ಟೈರಿನಿಂದ ಹವಾ ಬಿಟ್ಟು ಇಪ್ಪತ್ತೇಳೂವರೆಗೆ ಇಳಿದ ಟೈರು, ರಬ್ಬರಿನ ಮೂಲಕ ಸಹಜವಾಗಿ ಸೋರುವ ತಿಂಗಳಿಗೆ ಒಂದೆರಡು ಪೌಂಡನ್ನೂ ಕಳೆದುಕೊಳ್ಳುತ್ತ, ಮುಂಗಾರು ನೆಲೆಗೊಂಡು ಹಗಲೂ ತಣ್ಣಗಾಗುವ ಜೂನ್–ಜುಲೈ ಹೊತ್ತಿಗೆ 25ರ ಗೆರೆ ದಾಟುತ್ತದೆ. ಜಿಟಿಜಿಟಿ ಮಳೆಯ ಬೆಳಿಗ್ಗೆ ಮೊದಲ ಬಾರಿಗೆ ದೀಪ ಹೊತ್ತಿದಾಗ ಮಾಲೀಕನು ಪಂಕ್ಚರ್ ಹುಡುಕಿಸುತ್ತಾನೆ, ನೀರಿನಲ್ಲಿ ಅದ್ದಿಸಿ ನೋಡುತ್ತಾನೆ, ಗುಳ್ಳೆ ಎಲ್ಲೂ ಏಳುವುದಿಲ್ಲ. ಕಾರಣ ಮೂರು ತಿಂಗಳ ಹಿಂದಿನದು.

ಕಾರಿನಿಂದ ಲಾರಿಗೆ ಬಂದಾಗ ಅಂಕಿಗಳು ಇನ್ನಷ್ಟು ದೊಡ್ಡವಾಗುತ್ತವೆ. ಬೆಳಿಗ್ಗೆ 120 ಪೌಂಡ್ ಇದ್ದ ಲಾರಿಯ ಟೈರು 60 ಡಿಗ್ರಿಗೆ ಕಾದಾಗ 137 ತೋರಿಸುತ್ತದೆ, ಈ ಹದಿನೇಳು ಪೌಂಡಿನ ಏರಿಕೆ ಕಂಡ ಯಾರಿಗಾದರೂ ಹವಾ ಬಿಡುವ ಮನಸ್ಸಾಗುವುದು ಸಹಜ. 2011ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ಬ್ಯಾಡಗಿ ಮೆಣಸಿನಕಾಯಿಯ ವಹಿವಾಟಿನ ಭರಾಟೆ ಬೇಸಿಗೆ ಏರುವ ದಿನಗಳಲ್ಲೇ ಇರುವುದರಿಂದ, ಬಳ್ಳಾರಿ, ರಾಯಚೂರು, ಕರ್ನೂಲುಗಳ ಕಡೆಯಿಂದ ಬ್ಯಾಡಗಿಯ ಮಾರುಕಟ್ಟೆಗೆ ಬರುವ ಲಾರಿಗಳ ದೂರದ ಓಟವೂ ಟೈರಿನ ಅತಿ ಕಷ್ಟದ ಕಾಲವೂ ಒಟ್ಟಿಗೇ ಒದಗುತ್ತವೆ. ಒಣಮೆಣಸಿನಕಾಯಿ ಹಗುರ, ಅದು ತೂಕಕ್ಕಿಂತ ಮೊದಲು ಜಾಗವನ್ನು ತುಂಬುತ್ತದೆ; ಟೈರಿನ ದೃಷ್ಟಿಯಿಂದ ನೋಡಿದರೆ ಅದು ಸೌಮ್ಯವಾದ ಹೊರೆ. ನದಿಯ ಮರಳು ಹೊತ್ತ ಟಿಪ್ಪರ್, ಗೋವಿನಜೋಳದ ಚೀಲ ಪೇರಿಸಿದ ಲಾರಿ, ಕಬ್ಬು ಹೇರಿದ ಟ್ರೇಲರುಗಳ ಪಾಡು ಬೇರೆ. ಸರಕು ವಾಹನಗಳ ಆಕ್ಸಲ್ ಮೇಲಿನ ಅನುಮತಿತ ಭಾರವನ್ನು ಕೇಂದ್ರ ಸರ್ಕಾರ 2018ರಲ್ಲಿ ಏರಿಸಿದಾಗ ನಾಲ್ಕು ಟೈರುಗಳ ಒಂಟಿ ಆಕ್ಸಲಿಗೆ 10.2 ಟನ್ ಇದ್ದ ಮಿತಿ 11.5 ಟನ್ ಆಯಿತು. ಭಾರ ಏರಿದಂತೆ ಹವೆಯೂ ಏರಬೇಕೆಂಬುದು ಟೈರು ತಯಾರಕರ ಪಟ್ಟಿಗಳಲ್ಲೇ ಇದೆ; ಬೇಸಿಗೆಯೆಂದು ಹವಾ ಇಳಿಸಿ, ಬಾಡಿಗೆ ಗಿಟ್ಟಲೆಂದು ಭಾರ ಏರಿಸುವವನು ಎರಡು ದಿಕ್ಕಿನಿಂದಲೂ ಟೈರನ್ನು ಕೊಲ್ಲುತ್ತಾನೆ.

ಜೋಡಿ ಚಕ್ರಗಳಲ್ಲಿ ಒಳಗಿನದು ಎಲ್ಲಕ್ಕಿಂತ ಹೆಚ್ಚು ಅಲಕ್ಷ್ಯಕ್ಕೆ ಗುರಿಯಾದದ್ದು. ವಾಲ್ವು ಕೈಗೆಟುಕುವುದು ಕಷ್ಟ, ಗಾಳಿಯಾಡುವುದು ಕಡಿಮೆ, ಬ್ರೇಕ್ ಡ್ರಮ್ಮಿನ ಕಾವು ಹತ್ತಿರ. ಅದರಲ್ಲಿ ಹವಾ ತಗ್ಗಿದರೆ ಪಕ್ಕದ ಟೈರು ಎರಡರ ಭಾರವನ್ನೂ ಹೊತ್ತುಕೊಂಡು, ಎರಡರ ಗೋಡೆಗಳೂ ಒಂದಕ್ಕೊಂದು ಉಜ್ಜಿ, ಬೆಂಕಿ ಹೊತ್ತಿಕೊಂಡ ಉದಾಹರಣೆಗಳು ಹೆದ್ದಾರಿಯವರಿಗೆ ಹೊಸವಲ್ಲ. ರಾಡಿನಿಂದ ಟೈರಿಗೆ ಬಡಿದು ಸಪ್ಪಳದಿಂದಲೇ ಹವಾ ತಿಳಿಯುವ ಚಾಲಕರ ಕಿವಿಯನ್ನು ಅಲ್ಲಗಳೆಯಬೇಕಾಗಿಲ್ಲ, ಪೂರ್ತಿ ಚಪ್ಪಟೆಯಾದ ಟೈರನ್ನು ಅದು ಹಿಡಿಯುತ್ತದೆ. ಆದರೆ 120ಕ್ಕೂ 95ಕ್ಕೂ ಇರುವ ಅಂತರವನ್ನು ರಾಡು ಹೇಳಲಾರದು, ಅದಕ್ಕೆ ಮೀಟರೇ ಬೇಕು. ಢಾಬಾದ ಮುಂದೆ ನಿಲ್ಲಿಸಿ ಟೈರಿಗೆ ನೀರು ಹೊಯ್ಯುವುದರಿಂದ ತಣಿಯುವುದು ಹೊರಮೈ ಮಾತ್ರ, ಒಳಪದರದಲ್ಲಿ ಕೂಡಿಕೊಂಡ ಶಾಖ ಹಾಗೆಯೇ ಉಳಿಯುತ್ತದೆ. ಅರ್ಧ ಗಂಟೆಯ ವಿಶ್ರಾಂತಿಯ ಪ್ರಯೋಜನ ಅದಕ್ಕಿಂತ ಹೆಚ್ಚು.

ನೈಟ್ರೋಜನ್ ತುಂಬಿಸಿದರೆ ಒತ್ತಡ ಏರುವುದೇ ಇಲ್ಲ ಎಂಬ ಪ್ರಚಾರದ ಬಗ್ಗೆ ಎರಡು ಮಾತು ಸಾಕು. ಸಾಮಾನ್ಯ ಗಾಳಿಯಲ್ಲೇ ಶೇಕಡಾ 78ರಷ್ಟು ನೈಟ್ರೋಜನ್ ಇದೆ, ಮೇಲೆ ಹೇಳಿದ ನಿಯಮ ಎರಡಕ್ಕೂ ಒಂದೇ. ಅದರ ನಿಜವಾದ ಲಾಭ ಒಣತನದಲ್ಲಿದೆ: ನೀರು ಬಸಿಯದ ಕಂಪ್ರೆಸರಿನಿಂದ ತುಂಬಿದ ಹಸಿ ಗಾಳಿಯಲ್ಲಿ ಹನಿ ನೀರು ಸೇರಿಕೊಂಡಿದ್ದರೆ, 60 ಡಿಗ್ರಿಯಲ್ಲಿ ಅದರ ಆವಿಯೇ ಇನ್ನೆರಡು ಪೌಂಡಿಗೂ ಹೆಚ್ಚು ಒತ್ತಡವನ್ನು ಸೇರಿಸಬಲ್ಲದು.

ಬೇಸಿಗೆಯಲ್ಲಿ ಹೊತ್ತುವ ಇತರ ದೀಪಗಳ ಪೈಕಿ ಎಂಜಿನ್ ಕಾವಿನ ಕೆಂಪು ದೀಪ ಟೈರಿನ ದೀಪಕ್ಕಿಂತ ಹೆಚ್ಚು ಅವಸರದ್ದು. ಹಳದಿ ದೀಪ ಬೇಗ ಪರೀಕ್ಷಿಸಿ ಎನ್ನುತ್ತದೆ, ಕೆಂಪು ದೀಪ ಈಗಲೇ ನಿಲ್ಲಿಸಿ ಎನ್ನುತ್ತದೆ. ರೇಡಿಯೇಟರಿನ ಮುಚ್ಚಳ ಒತ್ತಡದಲ್ಲಿರುವ ಕುದಿನೀರನ್ನು ಹಿಡಿದಿರುವುದರಿಂದ ಅದನ್ನು ಎಂಜಿನ್ ತಣಿಯುವ ಮುನ್ನ ಬಿಚ್ಚಬಾರದು. ನಿಲ್ಲಿಸುವುದೆಲ್ಲಿ ಎಂಬುದೂ ಅಷ್ಟೇ ಮುಖ್ಯ. 2024ರ ಜೂನ್ 28ರಂದು ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಬಳಿ ಇದೇ ಹೆದ್ದಾರಿಯಲ್ಲಿ ನಿಂತಿದ್ದ ಲಾರಿಗೆ ಟೆಂಪೊ ಟ್ರಾವೆಲರ್ ಡಿಕ್ಕಿ ಹೊಡೆದು 13 ಮಂದಿ ಸತ್ತರು. ಟೈರಿನ ಒತ್ತಡದ ಉದಾಹರಣೆಯಾಗಿ ಅದನ್ನು ಇಲ್ಲಿ ಹೇಳುತ್ತಿಲ್ಲ. ಯಾವ ಕಾರಣಕ್ಕೇ ಆಗಲಿ, ಹೆದ್ದಾರಿಯ ಮೇಲೆ ನಿಂತ ವಾಹನ ಎಷ್ಟು ದೊಡ್ಡ ಅಪಾಯ ಎಂಬುದು ಅದರಿಂದ ತಿಳಿಯುತ್ತದೆ. ಟೈರು ಬದಲಿಸಲು ನಿಲ್ಲುವವರು ಸರ್ವಿಸ್ ರಸ್ತೆಗೆ ಇಳಿಯುವಷ್ಟು ದೂರ ನಿಧಾನವಾಗಿಯಾದರೂ ಉರುಳಿಸಿಕೊಂಡು ಹೋಗುವುದು ಲೇಸು, ಟೈರು ಹಾಳಾದರೂ ಚಿಂತೆಯಿಲ್ಲ.

ಹವಾ ಪರೀಕ್ಷೆಗೆ ಸರಿಯಾದ ಹೊತ್ತು ಬೆಳಗಿನ ಜಾವ, ವಾಹನ ಕನಿಷ್ಠ ಮೂರು ಗಂಟೆ ನಿಂತ ಮೇಲೆ, ಅಥವಾ ಒಂದೆರಡು ಕಿಲೋಮೀಟರಿಗಿಂತ ಹೆಚ್ಚು ಓಡುವ ಮುನ್ನ. ಪಾಲಿಸಬೇಕಾದ ಅಂಕಿ ಬಾಗಿಲ ಕಂಬದ ಚೀಟಿಯದು. ಟೈರಿನ ಗೋಡೆಯ ಮೇಲೆ ಅಚ್ಚಾಗಿರುವುದು ಗರಿಷ್ಠ ಮಿತಿಯಷ್ಟೇ. ಬಿಸಿಯಿರುವಾಗ ಹಾಕಿಸಲೇಬೇಕಾಗಿ ಬಂದರೆ ಚೀಟಿಯ ಅಂಕಿಗೆ ನಾಲ್ಕು ಪೌಂಡ್ ಸೇರಿಸಿ ಹಾಕಿಸಿ, ಮರುದಿನ ತಣ್ಣಗಿರುವಾಗ ಸರಿಪಡಿಸಿಕೊಳ್ಳಬಹುದು. ಬಿಸಿ ಟೈರಿನಿಂದ ಹವಾ ಬಿಡುವುದಂತೂ ಬೇಡ.

ಕಾರಿನವರಿಗೆ ಪೆಟ್ರೋಲ್ ಬಂಕಿನ ಪುಕ್ಕಟೆ ಹವಾ ಇದೆ, ಲಾರಿಗಳಿಗೆ ಬೇಕಾದ 120 ಪೌಂಡನ್ನು ಅಲ್ಲಿನ ಎಲ್ಲ ಯಂತ್ರಗಳೂ ಕೊಡಲಾರವು. ಬ್ಯಾಡಗಿಯ ಎಪಿಎಂಸಿಯಲ್ಲಿ ಸೋಮವಾರ ಮತ್ತು ಗುರುವಾರ ಮಾರುಕಟ್ಟೆಯ ದಿನಗಳು. ಹಿಂದಿನ ರಾತ್ರಿಯೇ ಬಂದು ಸರದಿ ಕಾಯುವ ಲಾರಿಗಳ ಟೈರುಗಳು ಬೆಳಗಿನ ಹೊತ್ತಿಗೆ ಪೂರ್ತಿ ತಣಿದಿರುತ್ತವೆ. ಅಳತೆ ಪರಿಶೀಲಿಸಿದ ಮೀಟರು ಮತ್ತು ತಕ್ಕ ಸಾಮರ್ಥ್ಯದ ಕಂಪ್ರೆಸರನ್ನು ಜನವರಿಯಿಂದ ಮೇವರೆಗಾದರೂ ಪ್ರಾಂಗಣದ ಬಾಗಿಲಲ್ಲಿ ಇರಿಸುವುದು ಮಾರುಕಟ್ಟೆ ಸಮಿತಿಗೆ ದೊಡ್ಡ ಖರ್ಚಿನ ಕೆಲಸವಲ್ಲ; ಮುಂದಿನ ಹಂಗಾಮಿಗೆ ಮುನ್ನ ಸಮಿತಿಯೂ ಲಾರಿ ಮಾಲೀಕರೂ ಕೂಡಿ ಇದನ್ನು ಆಗಮಾಡಬೇಕು.